ಅನ್ನದ ವಾಸನೆ

"ಅಕ್ಕಿ ಬೇಯಿಸಿ ಹೂಕೋಸು ಅಂತ ಬಡಿಸ್ತೀಯೇನೋ, ಏಳನೇ ಕ್ಲಾಸು?"

ತಟ್ಟೆ ಕೌಂಟರಿನ ಮೇಲೆ ಬೋರಲಾಗಿ ಬಿತ್ತು. ಮಧ್ಯಾಹ್ನದ ಊಟದ ಹೊತ್ತು. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅರವತ್ತು ಜನ ಉಣ್ಣುತ್ತಿದ್ದರು, ಅರವತ್ತು ಕೈಗಳೂ ಬಾಯಿಯ ಹತ್ತಿರವೇ ನಿಂತವು. ಅನ್ನದ ಬದಲಿಗೆಂದು ತುರಿದು ಬೇಯಿಸಿದ ಹೂಕೋಸಿನ ಬಿಳಿಯ ಹರಳು ಹರಳು ಪುಡಿ ತಗಡಿನ ಮೇಲೆಲ್ಲ ಹರಡಿತು, ಒಂದಷ್ಟು ಹಾರಿ ಅಡುಗೆಯವನ ಅಂಗಿಗೆ ಅಂಟಿಕೊಂಡಿತು.

ತಟ್ಟೆ ಎಸೆದವನು ಅವನ ಭಾವ, ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಆ ಕೈಗೆ ಎರಡು ತಿಂಗಳಿಂದ ಸ್ಟೀರಿಂಗ್ ಇರಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ಒಮ್ಮೆ ಸಿಗ್ನಲ್ಲಿನಲ್ಲಿ ಕಣ್ಣು ಮಂಜಾಯಿತು ಎಂದು ತಾನಾಗಿಯೇ ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು. ಡಿಪೋದವರು ಅವನನ್ನು ತಂದು ಬಸ್ಸುಗಳಲ್ಲಿ ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಕೂರಿಸಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ. ಬೆಳಗಿನಿಂದ ಸಂಜೆಯವರೆಗೆ ಅವುಗಳಿಗೆ ಚೀಟಿ ಅಂಟಿಸುವುದು. ಮೂರು ಸಲ ಪರೀಕ್ಷೆ ಮಾಡುತ್ತೇವೆ ಎಂದಿದ್ದರು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಡಿಪೋದ ದವಾಖಾನೆಯಲ್ಲಿ ಬೆರಳಿಗೆ ಸೂಜಿ. ಮೂರರಲ್ಲಿ ಒಂದು ಸಲವಾದರೂ ಇನ್ನೂರರ ಕೆಳಗೆ ಇಳಿದರೆ ಬಸ್ಸು ವಾಪಸ್ಸು, ಇಳಿಯದಿದ್ದರೆ ನಿವೃತ್ತಿಯವರೆಗೂ ಒಂಟಿ ಚಪ್ಪಲಿ. ಮೊದಲನೆಯದು ಇನ್ನೂರ ನಲವತ್ತು ಬಂತು. ನಿನ್ನೆಯದು ಇನ್ನೂರ ಅರವತ್ತೆಂಟು. ಕೊನೆಯದು ನಾಡಿದ್ದು, ಶುಕ್ರವಾರ.

"ಒಂದು ಕಾಳು ಅಕ್ಕಿ ಹಾಕಿಲ್ಲ ಭಾವ," ಎಂದ ಅಡುಗೆಯವನು.

"ಹಾಗಾದ್ರೆ ಗಾಳಿ ಕುಡಿದು ಏರಿತಾ ಇದು?" ಭಾವ ದವಾಖಾನೆಯ ಚೀಟಿಯನ್ನು ಅವನ ಮೂಗಿನ ಹತ್ತಿರ ಹಿಡಿದ. "ಅನ್ನ ಬಿಟ್ಟೆ. ಬ್ರೆಡ್ ಬಿಟ್ಟೆ. ಟೀಗೆ ಸಕ್ಕರೆ ಬಿಟ್ಟೆ. ನೀನು ಹಾಕಿದ್ದನ್ನೇ ತಿಂದೆ. ಮನೆಯವನು ಅಂತ ನಂಬಿದೆ ನೋಡು, ನನಗೆ ಬುದ್ಧಿ ಇಲ್ಲ."

"ಭಾವಮೈದುನನ ಕೈಯಡುಗೆ, ಹುಷಾರಪ್ಪಾ!" ಎಂದು ಹಿಂದಿನ ಬೆಂಚಿನಿಂದ ಹಾರ್ನ್ ಕೂಗಿದ. ಅವನು ಕಂಡಕ್ಟರ್. ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳಿಸುವ ಗಂಟಲಾದ್ದರಿಂದ ಆ ಹೆಸರು ಬಂದಿತ್ತು. ನಾಲ್ಕೈದು ಜನ ನಕ್ಕರು. ಉಳಿದವರು ನಗದೆ ತಮ್ಮ ತಮ್ಮ ತಟ್ಟೆಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ನೋಡಿದರು. ಅಡುಗೆಯವನ ಎದೆಗೆ ಚುಚ್ಚಿದ್ದು ಆ ನೋಟ.

ಏಳನೇ ಕ್ಲಾಸು ಎಂಬ ಹೆಸರಿನ ಕಥೆ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಸತ್ತ ವರ್ಷ ಅವನ ಬೆನ್ನಿನಿಂದ ಪುಸ್ತಕದ ಚೀಲ ಇಳಿಸಿ ಈ ಕ್ಯಾಂಟೀನಿನ ಈರುಳ್ಳಿ ಮೂಟೆ ಹೊರಿಸಿದ್ದು ಇದೇ ಭಾವ. ಅನ್ನಕ್ಕೊಂದು ದಾರಿ ಆಯಿತಲ್ಲ ಎಂದಿದ್ದ. ಹನ್ನೆರಡು ವರ್ಷವಾಯಿತು. ಇವನು ಕ್ಯಾಂಟೀನಿನ ಮುಖ್ಯ ಅಡುಗೆಯವನಾದ. ಅರವತ್ತು ಜನಕ್ಕೆ ಅಳತೆಯಿಲ್ಲದೆ ಉಪ್ಪು ಹಾಕಿದರೂ ಒಂದು ಹರಳು ಹೆಚ್ಚುಕಡಿಮೆಯಾಗುವುದಿಲ್ಲ. ಆದರೆ ಕೂಗಿ ಕರೆಯುವಾಗ ಇವತ್ತಿಗೂ ಏಳನೇ ಕ್ಲಾಸೇ. ಅವನಿಗೆ ಆ ಸಿಟ್ಟು ಇದ್ದೇ ಇರಬೇಕು ಎಂದು ಡಿಪೋ ತೀರ್ಮಾನಿಸಿಕೊಂಡಿತ್ತು. ಇತ್ತು ಕೂಡ. ಆದರೆ ಸಿಟ್ಟು ಇರುವವನೆಲ್ಲ ತಟ್ಟೆಗೆ ಕೈ ಹಾಕುತ್ತಾನೆಯೇ?

ಅವನು ಕೌಂಟರ್ ಒರೆಸಿದ. ಹಾಗಾದರೆ ಯಾರು? ಒರೆಸುತ್ತಲೇ ಅನುಮಾನ ಹಾರ್ನ್ ಮೇಲೆ ಹೋಯಿತು. ದಿನವೂ ಭಾವನ ಮಗ್ಗುಲಲ್ಲೇ ಕೂರುವವನು ಅವನು. ಭಾವ ಓಡಿಸುತ್ತಿದ್ದ ಬಸ್ಸಿಗೆ ಈಗ ಬಂದಿರುವ ಹೊಸ ಡ್ರೈವರ್ ಅವನ ಷಡ್ಡಕ. ಬೆರೆಸುವುದಕ್ಕೆ ಎಷ್ಟು ಹೊತ್ತು ಬೇಕು? ತನ್ನ ತಟ್ಟೆಯಿಂದ ಎರಡು ಹಿಡಿ ಅನ್ನ ಸರಿಸಿದರೆ ಬಿಳಿಯಲ್ಲಿ ಬಿಳಿ. ಆಮೇಲೆ ಅಕ್ಕ ನೆನಪಾದಳು. ಗಂಡ ಸೊರಗಿದ ಎಂದು ಮನೆಯಲ್ಲಿ ಕದ್ದು ಏನಾದರೂ ತಿನ್ನಿಸುತ್ತಿರಬಹುದು.

ಸಂಜೆ ನೇರ ಅಕ್ಕನ ಮನೆಗೆ ಹೋದ. ಭಾವ ಇನ್ನೂ ಬಂದಿರಲಿಲ್ಲ. ಅವಳು ಬಟ್ಟೆ ಮಡಚುತ್ತಿದ್ದಳು, ಕುಳಿತುಕೋ ಎನ್ನಲಿಲ್ಲ.

"ಬೆಳಿಗ್ಗೆ ಏನ್ ಕೊಡ್ತೀಯ ಭಾವಂಗೆ?"

"ಎರಡು ಮೊಟ್ಟೆ. ಯಾಕೆ, ನನ್ನನ್ನ ವಿಚಾರಣೆ ಮಾಡೋಕೆ ಬಂದ್ಯಾ?"

"ಸುಮ್ನೆ ಕೇಳ್ದೆ ಅಕ್ಕ."

ಅವಳು ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು. "ನಾನೂ ಸುಮ್ನೆ ಒಂದು ಕೇಳ್ತೀನಿ. ಹಳೇ ಸಿಟ್ಟೇನಾದ್ರೂ ತೀರಿಸ್ಕೋತಿದೀಯೇನೋ? ನನ್ನ ಹತ್ರ ಹೇಳು. ಬೈಯಲ್ಲ."

ಅರವತ್ತು ಜನರ ಮುಂದೆ ತಟ್ಟೆ ಬಿದ್ದಾಗ ಉರಿಯದ ಮುಖ ಈಗ ಉರಿಯಿತು. "ನಾಳೆ ಅಡುಗೆಮನೆಗೆ ಬಾ," ಎಂದ. "ಬೆಳಿಗ್ಗೆಯಿಂದ ಕೂತ್ಕೋ. ಕಣ್ಣು ಮಿಟುಕಿಸದೆ ನೋಡು. ನಿನ್ನ ಗಂಡನಿಗೂ ಹೇಳು, ಕಾವಲು ಹಾಕಿದೀನಿ ಅಂತ."

ಗುರುವಾರ ಹತ್ತೂವರೆಗೆ ಅವಳು ನಿಜವಾಗಿಯೂ ಬಂದಳು. ತರಕಾರಿ ಕ್ರೇಟನ್ನು ಬೋರಲು ಹಾಕಿಕೊಂಡು ಒಲೆಯ ಎದುರಿಗೇ ಕುಳಿತಳು. ಅವನು ಒಂದೊಂದನ್ನೂ ಎತ್ತಿ ತೋರಿಸುತ್ತ ಮಾಡಿದ, ಜಾದೂಗಾರ ಖಾಲಿ ಟೋಪಿ ತೋರಿಸುವ ಹಾಗೆ. ಒಂದು ಹೂಕೋಸು. ಎಲೆ ಕಿತ್ತ, ದಂಟು ಕತ್ತರಿಸಿದ. ತುರಿಮಣೆಯ ದೊಡ್ಡ ಕಣ್ಣಿಗೆ ಹಿಡಿದು ತುರಿದ. ಅಕ್ಕಿ ಕಾಳಿನ ಗಾತ್ರಕ್ಕೆ ಉದುರಿತು.

"ಸಣ್ಣ ಕಣ್ಣಿಗೆ ತುರಿದ್ರೆ ಹಿಟ್ಟಾಗುತ್ತೆ," ಎಂದ. "ಉಪ್ಪು ಹಾಕಿ ಹತ್ತು ನಿಮಿಷ ಬಿಡ್ಬೇಕು, ನೀರು ಬಿಡುತ್ತೆ. ಬಟ್ಟೇಲಿ ಕಟ್ಟಿ ಹಿಂಡ್ಬೇಕು. ಅಗಲ ಬಾಣಲೆ, ದೊಡ್ಡ ಉರಿ, ಮುಚ್ಚಳ ಮುಚ್ಚಲೇಬಾರ್ದು. ಮುಚ್ಚಿದ್ಯೋ, ಮುದ್ದೆ."

"ಎಲ್ಲಿ ಕಲಿತೆ ಇದನ್ನ?"

"ಯಾರು ಕಲಿಸ್ತಾರೆ? ದವಾಖಾನೆ ಡಾಕ್ಟ್ರು ಚೀಟೀಲಿ ಹೂಕೋಸಿನ ಅನ್ನ ಅಂತ ಬರೆದು ಕೈಗಿಟ್ರು, ಅಷ್ಟೇ. ನಾಲ್ಕು ಹೂಕೋಸು ಹಾಳು ಮಾಡಿ ನಾನೇ ಕಲಿತೆ."

ಅವಳು ತಲೆಯಾಡಿಸಿದಳು. ಬಟ್ಟೆಯಲ್ಲಿ ಕಟ್ಟಿ ಅವನು ಹಿಂಡಿದಾಗ ನೀರು ಧಾರೆಯಾಗಿ ಇಳಿಯಿತು. ಅವಳ ಮುಖ ಸ್ವಲ್ಪ ಸಡಿಲವಾದದ್ದು ಅವನಿಗೆ ಕಂಡಿತು. ಮಗ್ಗುಲಿನ ಒಲೆಯಲ್ಲಿ ಎಲ್ಲರ ಅನ್ನ ಆಗಿತ್ತು. ದೊಡ್ಡ ಹಂಡೆಯನ್ನು ವಾಲಿಸಿ ಬಸಿದಿದ್ದ ಗಂಜಿ ಬಕೆಟಿನಲ್ಲಿ ಹಬೆಯಾಡುತ್ತ ಕೆನೆ ಕಟ್ಟುತ್ತಿತ್ತು. ಅವನು ಎರಡು ಚೊಂಬು ಗಂಜಿ ತೆಗೆದು ಪಾತ್ರೆಗೆ ಸುರಿದು, ಹಿಂಡಿದ ಹೂಕೋಸನ್ನು ಅದರಲ್ಲಿ ಮುಳುಗಿಸಿದ.

"ಇದೇನೋ?"

"ಇದೇ ನನ್ನ ಗುಟ್ಟು." ಎರಡು ದಿನದಲ್ಲಿ ಮೊದಲ ಸಲ ಅವನು ನಕ್ಕ. "ಮೊದಮೊದಲು ಭಾವ ಬಾಯಿಗಿಟ್ಟು ಉಗಿದ್ರು. ದನಕ್ಕೆ ಹಾಕೋದನ್ನ ನನಗೆ ಹಾಕ್ತೀಯ, ಅನ್ನದ ವಾಸನೆನೇ ಇಲ್ಲ ಅಂದ್ರು. ಆಮೇಲೆ ಇದು ಹೊಳೀತು. ಹಿಂಡಿದ ಹೂಕೋಸು ಒಣಗಿರುತ್ತಲ್ಲ, ಗಂಜಿನೆಲ್ಲ ಕುಡಿದುಬಿಡುತ್ತೆ. ಥೇಟ್ ಅನ್ನ! ಅವತ್ತಿಂದ ಒಂದು ಕಾಳು ಬಿಟ್ಟಿಲ್ಲ ಭಾವ. ಎರಡನೇ ಸಲಾನೂ ಹಾಕಿಸ್ಕೋತಿದ್ರು."

ಅಕ್ಕ ಬಕೆಟಿನ ಕಡೆ ನೋಡಿದಳು. ಎದ್ದು ಬಂದು ಗಂಜಿಯಲ್ಲಿ ಬೆರಳದ್ದಿ, ಹೆಬ್ಬೆರಳಿನಿಂದ ತಿಕ್ಕಿದಳು. ಎರಡು ಬೆರಳೂ ಅಂಟಿಕೊಂಡವು.

"ಇದು ಅಕ್ಕಿಯಿಂದಾನೇ ಬಂದಿದ್ದಲ್ವೇನೋ?"

ಬಾಣಲೆ ಕಾದು ಹೊಗೆಯಾಡುತ್ತಿತ್ತು. ಅವನು ಉರಿ ಆರಿಸಲು ಮರೆತು ನಿಂತ. ಹಾರ್ನ್ ಅಲ್ಲ. ಅಕ್ಕ ಅಲ್ಲ. ದಿನಕ್ಕೆ ಎರಡು ಚೊಂಬು, ಎರಡು ತಿಂಗಳು, ತನ್ನದೇ ಕೈಯಿಂದ, ಅದೂ ಹೆಮ್ಮೆಯಿಂದ.

"ದಿನಾನೂ ಹಾಕ್ತಿದ್ಯಾ?"

"ದಿನಾನೂ."

"ಆಯ್ತು ಬಿಡು. ಗೊತ್ತಿರ್ಲಿಲ್ಲ ಅಂತ ಹೇಳಿದ್ರೆ ಮುಗೀತು. ಬೇಕಂತ ಮಾಡಿದ್ದಲ್ವಲ್ಲ."

"ಎಲ್ರ ಮುಂದೆ ನಿಂತ್ಕೊಂಡು ಗೊತ್ತಿರ್ಲಿಲ್ಲ ಅಂತ ಹೇಳ್ಲಾ?" ಅವನ ದನಿ ಬಾಣಲೆಗಿಂತ ಬಿಸಿಯಾಗಿತ್ತು. "ಗಂಜಿಗೂ ಅಕ್ಕಿಗೂ ಸಂಬಂಧ ಗೊತ್ತಿಲ್ಲದ ಅಡುಗೆಯವನು! ಸಾಯೋವರೆಗೂ ಆಡ್ಕೊಂಡು ನಗ್ತಾರೆ. ನೀನೂ ಹೇಳ್ಕೂಡ್ದು. ನನ್ನ ಮೇಲೆ ಆಣೆ ಇಡು."

ಅವಳು ಆಣೆ ಇಡಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಪಾತ್ರೆಯನ್ನು ಮೋರಿಗೆ ಸುರಿದು ಇನ್ನೊಂದು ಹೂಕೋಸು ತೆಗೆದುಕೊಂಡ. ಈ ಸಲ ಹಿಂಡಿ ನೇರ ಬಾಣಲೆಗೆ ಹಾಕಿದ.

ಮಧ್ಯಾಹ್ನ ಭಾವ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ. ಕೌಂಟರಿನ ಕಡೆ ತಿರುಗಿ ನೋಡಿದ. "ಇವತ್ತು ಹಸಿ ಹೂಕೋಸಿನ ವಾಸನೆ ಹೊಡೀತಿದೆ," ಎಂದು ಹಾರ್ನ್‌ಗೆ ಹೇಳಿದ, ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಅಂದ್ರೆ ಇಷ್ಟು ದಿನ ತಿಂದಿದ್ದು ಏನು?" ಮುಖ ಕಿವುಚಿಕೊಂಡೇ ಪೂರ್ತಿ ತಿಂದ. ಹಾರ್ನ್ ಅವನ ತಟ್ಟೆಯಿಂದ ಕದಿಯುತ್ತಿದ್ದದ್ದು ಬರೀ ಸೌತೆಕಾಯಿ ಚೂರು. ಅಡುಗೆಯವನು ಅದನ್ನೂ ನೋಡಿದ, ಅದರಿಂದ ಈಗ ಏನೂ ಆಗಬೇಕಾಗಿರಲಿಲ್ಲ.

ಶುಕ್ರವಾರವೂ ಅಕ್ಕ ಬಂದು ಕುಳಿತಳು. ಹೂಕೋಸು ಬಿಟ್ಟು ಬೇರೇನೂ ಬಾಣಲೆಗೆ ಬೀಳಲಿಲ್ಲ. ಒಂದೂವರೆಗೆ ಭಾವ ಉಂಡು ಹೋದ.

ನಾಲ್ಕು ಗಂಟೆಗೆ, ಟೀ ಹೊತ್ತಿನ ಗದ್ದಲದ ನಡುವೆ, ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಬಸ್ಸಿನ ಕೀಲಿ.

"ನೂರ ಎಪ್ಪತ್ತೆರಡು!"

ಹಾರ್ನ್ ಬಾಯಲ್ಲೇ ಬಸ್ಸಿನ ಹಾರ್ನ್ ಹೊಡೆದ. ಬೆಂಚುಗಳ ಮೇಲೆ ಕೈಗಳು ಬಡಿದವು. ಯಾರೋ ಭಾವನ ಬೆನ್ನಿಗೆ ಗುದ್ದಿದರು. ಅವನು ನಗುತ್ತಲೇ ಜನರನ್ನು ಸರಿಸಿಕೊಂಡು ಕೌಂಟರಿನವರೆಗೆ ಬಂದ. ಅಲ್ಲಿಗೆ ಬರುವಷ್ಟರಲ್ಲಿ ನಗು ಇರಲಿಲ್ಲ.

"ಎರಡು ದಿನ ನನ್ನ ಹೆಂಡತಿ ಕಾವಲು ಕೂತ್ಲು. ತೊಂಬತ್ತಾರು ಇಳೀತು," ಎಂದ. "ಎಲ್ರೂ ಕೇಳಿಸ್ಕೊಳ್ಳಿ. ಬರೀ ಎರಡು ದಿನ."

ಬೆಂಚುಗಳ ಸದ್ದು ನಿಂತಿತು. ಮೊನ್ನೆ ತಟ್ಟೆ ಹತ್ತಿರ ಎಳೆದುಕೊಂಡವರೆಲ್ಲ ಈಗ ಟೀ ಲೋಟದೊಳಗೆ ನೋಡಿದರು.

"ಏನ್ ಹಾಕ್ತಿದ್ಯೋ?" ಭಾವನ ದನಿ ಇದ್ದಕ್ಕಿದ್ದಂತೆ ಇಳಿಯಿತು. ಕೂಗುತ್ತಿದ್ದವನು ಈಗ ನಿಜವಾಗಿ ಕೇಳುತ್ತಿದ್ದ. "ಶಾಲೆ ಬಿಡಿಸ್ದೆ ಅಂತಾನಾ? ಅದಕ್ಕೇನಾ? ಕೈ ಹಿಡಿದು ಕರ್ಕೊಂಡು ಬಂದೋನು ಕಣೋ ನಾನು. ಒಂದು ಮಾತು ಹೇಳು. ಸುಳ್ಳಾದ್ರೂ ಹೇಳು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಬಾಯಿ ತೆರೆದಳು. ತಮ್ಮ ಅವಳ ಕಡೆ ನೋಡಿದ. ಅವಳು ತೆರೆದ ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ಟೀ ಪಾತ್ರೆಯ ಕೆಳಗಿನ ಉರಿ ತಗ್ಗಿಸಿದ. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದ. ಏಪ್ರನ್ನಿನ ಗಂಟು ಬಿಚ್ಚಲು ಹೋದಾಗ ಅದು ಬಿಗಿದು ಕಗ್ಗಂಟಾಯಿತು, ತಲೆಯ ಮೇಲಿಂದಲೇ ಎಳೆದು ತೆಗೆದು ಕೌಂಟರಿನ ಮೇಲೆ ಇಟ್ಟ. ಭಾವನ ಮಗ್ಗುಲಿನಿಂದಲೇ, ಭುಜಕ್ಕೆ ಭುಜ ತಾಗದಷ್ಟು ಸರಿದು, ಬೆಂಚುಗಳ ನಡುವಿನ ದಾರಿಯಲ್ಲಿ ನಡೆದ. ಯಾರೂ ಕಾಲು ಅಡ್ಡ ಹಾಕಲಿಲ್ಲ, ಯಾರೂ ಹೆಸರು ಹಿಡಿದು ಕೂಗಲೂ ಇಲ್ಲ.

ಹೊರಗೆ ಅಂಗಳದಲ್ಲಿ ಒಂದು ಬಸ್ಸು ತೊಳೆಯುತ್ತಿದ್ದರು. ಸೋಪಿನ ನೀರು ಸಿಮೆಂಟಿನ ಮೇಲೆ ಅಗಲವಾಗಿ ಹರಿದು ಬರುತ್ತಿತ್ತು. ಪೈಪು ಹಿಡಿದವನು ಅವನಿಗೆ ದಾರಿ ಬಿಡಲು ನೀರನ್ನು ಆಚೆ ತಿರುಗಿಸಿದ. ಅವನು ಕಾಯಲಿಲ್ಲ. ಚಪ್ಪಲಿ ತೋಯಿಸಿಕೊಂಡು ನೊರೆಯ ಮೇಲೇ ನಡೆದು ಗೇಟು ದಾಟಿದ. ಒದ್ದೆ ಹೆಜ್ಜೆ ರಸ್ತೆಯ ಮೇಲೆ ಏಳೆಂಟು ಮೂಡಿ, ಬಿಸಿಲಿಗೆ ಒಂದೊಂದೇ ಆರಿತು.