ಬಿಸಿಲಿಗಿಟ್ಟ ಬಣ್ಣ

ಊರಿನವರು ನನಗೆ ಉಪ್ಪುಕಾಗದ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಹಳೆಯ ಜೀಪುಗಳ ಮೈ ಉಜ್ಜಿ, ಅವು ಕಾರ್ಖಾನೆಯಿಂದ ಹೊರಬಂದಾಗ ಯಾವ ಬಣ್ಣವಿತ್ತು, ಸೀಟಿಗೆ ಯಾವ ರೆಕ್ಸಿನ್ ಇತ್ತು ಎಂದು ಕಂಡುಹಿಡಿದು ಮತ್ತೆ ಹಾಗೆಯೇ ಮಾಡಿಕೊಡುವುದು ನನ್ನ ಕಸುಬು. ಆದರೆ ಆ ಹೆಸರು ಬಂದದ್ದು ನಿನ್ನ ಕೆಲಸದಿಂದಲ್ಲ, ನಿನ್ನ ನಾಲಿಗೆಯಿಂದ ಎಂದು ಅತ್ತಿಗೆ ಹೇಳುತ್ತಾರೆ. ಇರಬಹುದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಜಲಾಶಯದ ಗೇಟು ರಿಪೇರಿಗೆಂದು ನೀರು ಬಿಟ್ಟಾಗ, ಗುಡ್ಡದ ರಸ್ತೆಯ ತಿರುವಿನ ಕೆಳಗೆ ಕೆಸರಿನಲ್ಲಿ ಹೂತಿದ್ದ ಜೀಪೊಂದು ಕಾಣಿಸಿತು. ಒಳಗೆ ಯಾರೂ ಇರಲಿಲ್ಲ, ಏನೂ ಉಳಿದಿರಲಿಲ್ಲ. ನಂಬರ್ ಪ್ಲೇಟು ಇರಲಿಲ್ಲ. ಚಾಸಿ ನಂಬರನ್ನು ತುಕ್ಕು ತಿಂದು ತೇಗಿತ್ತು. ಮೇಲಿನ ಬಣ್ಣ ಮಾತ್ರ ಅಲ್ಲಲ್ಲಿ ಹಸಿರಾಗಿ ಉಳಿದಿತ್ತು. ಯಾರ ಗಾಡಿ ಎಂದು ಹೇಳಲಾದೀತೇ ಎಂದು ಕೇಳಲು ಇನ್‌ಸ್ಪೆಕ್ಟರು ನನ್ನ ಶೆಡ್ಡಿಗೆ ಹೇಳಿಕಳಿಸಿದರು.

ನನ್ನ ಅಣ್ಣನ ಜೀಪೂ ಅದೇ ಮಾದರಿಯದು, ಅದೂ ಹಸಿರೇ. ಅದಕ್ಕೆ ಹಸಿರು ಹೊಡೆದವನು ನಾನೇ. ಸಂಜೆಗೆ ಬರ್ತೀನಿ ಎಂದು ಅದರಲ್ಲಿ ಹೊರಟ ಅಣ್ಣ ಇಷ್ಟು ವರ್ಷವಾದರೂ ಬಂದಿಲ್ಲ. ಆದರೆ ಆ ಕಾಲದಲ್ಲಿ ಗುಡ್ಡದ ರಸ್ತೆಯಲ್ಲಿ ಓಡುತ್ತಿದ್ದ ಅರ್ಧಕ್ಕರ್ಧ ಜೀಪುಗಳು ಹಸಿರು ಬಳಿದುಕೊಂಡಿದ್ದವು. ಹಸಿರಿನ ಅಡಿಯಲ್ಲಿ ಏನಿದೆ ಎಂಬುದಷ್ಟೇ ಮುಖ್ಯ. ಆ ಮಾದರಿಯನ್ನು ಕಾರ್ಖಾನೆಯವರು ಕೊಟ್ಟದ್ದು ಎರಡೇ ಬಣ್ಣದಲ್ಲಿ: ಬಿಳಿ ಮೈಗೆ ಮರೂನ್ ಸೀಟು, ಕೆನೆ ಬಣ್ಣದ ಮೈಗೆ ಕಂದು ಸೀಟು. ಅಣ್ಣನದು ಬಿಳಿ; ನಮ್ಮ ಕಡೆ ಬಿಳಿಯ ಮೇಲೆ ಹಸಿರು ಹೊಡೆಸಿದ್ದವನು ಅವನೊಬ್ಬನೇ. ಅಡಿಯಲ್ಲಿ ಬಿಳಿ ಸಿಕ್ಕರೆ ಅಣ್ಣ ಆ ನೀರಿನಲ್ಲೇ ಮುಗಿದುಹೋಗಿದ್ದಾನೆ. ಕೆನೆ ಸಿಕ್ಕರೆ ಅದು ಬೇರೆ ಯಾರದೋ ಗಾಡಿ, ಅಣ್ಣ ಎಲ್ಲೋ ಇದ್ದಾನೆ.

ಬರಬೇಡಿ ಎಂದರೂ ಕೇಳದೆ ಅತ್ತಿಗೆ ಬಂದು ವ್ಯಾನಿನಲ್ಲಿ ಕೂತರು. ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತಿದ್ದರು.

ಮೊದಲು ಸೀಟು ನೋಡಿದೆ. ಬೋಲ್ಟಿನ ಕೆಳಗೆ ಸಿಕ್ಕಿಕೊಂಡಿದ್ದ ರೆಕ್ಸಿನ್ ಚೂರು ಕೆಸರು ಕುಡಿದು ಇದ್ದಿಲಿನಂತೆ ಕಪ್ಪಾಗಿತ್ತು. ಮರೂನೋ ಕಂದೋ ದೇವರೇ ಹೇಳಬೇಕು. ಇನ್ನು ಮೈಯ ಬಣ್ಣ. ಹೊರಗಿನ ತಗಡನ್ನು ನಾನು ನಂಬುವುದಿಲ್ಲ, ಅದು ಕಂಡವರ ಕೈಯೆಲ್ಲ ಕಂಡಿರುತ್ತದೆ. ಡ್ಯಾಶ್‌ಬೋರ್ಡಿನ ಬೆನ್ನ ಕಡೆಗೆ ಮರುಬಣ್ಣ ಹೊಡೆಯುವವರ ಸ್ಪ್ರೇ ಗನ್ನು ಹೋಗುವುದಿಲ್ಲ. ಅಲ್ಲಿ ಕೈ ತೂರಿಸಿ ಕೆಸರು ಒರೆಸಿದೆ, ಟಾರ್ಚು ಬಿಟ್ಟೆ. ಕೆನೆ ಬಣ್ಣ.

"ನಮ್ಮದಲ್ಲ ಅತ್ತಿಗೆ," ಎಂದೆ.

ಅತ್ತಿಗೆ ನಗಲೂ ಇಲ್ಲ, ಅಳಲೂ ಇಲ್ಲ. ತಿರುಗಿ ವ್ಯಾನಿನ ಕಡೆ ನಡೆದುಬಿಟ್ಟರು. ಸಂತೋಷಕ್ಕೆ ಮಾತು ಕಟ್ಟಿರಬೇಕು ಎಂದುಕೊಂಡೆ.

ಕೈ ತೊಳೆಯುತ್ತಿದ್ದಾಗ ನೆನಪಾಯಿತು. ಬಿಳಿ ಎನಾಮಲ್ ಬೆಳಕು ಕಾಣದೆ ವರ್ಷಗಟ್ಟಲೆ ಕತ್ತಲಲ್ಲಿ ಇದ್ದರೆ ಹಳದಿಗೆ ತಿರುಗುತ್ತದೆ, ಪೆಟ್ಟಿಗೆಯಲ್ಲಿಟ್ಟು ಮರೆತ ಬಿಳಿ ಅಂಗಿಯ ಹಾಗೆ. ಗಿರಾಕಿಗಳಿಗೆ ಇದನ್ನೇ ಪಾಠ ಹೇಳುವವನು ನಾನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ನನ್ನ ಕಸುಬಿನಲ್ಲಿ ಬೆಳ್ಳಗಿಲ್ಲದ್ದೂ ಹಾಲೇ ಆಗಿರಬಹುದು. ಬೇಕಾದ ಉತ್ತರ ಕಂಡ ಆತುರದಲ್ಲಿ ಕಲಿತ ವಿದ್ಯೆಯನ್ನೇ ಮರೆತಿದ್ದೆ. ತಿಳಿಯಲು ದಾರಿ ಒಂದೇ: ಒಂದು ತುಂಡನ್ನು ಬಿಸಿಲಿಗಿಡಬೇಕು. ಬಿಳಿಯಾಗಿದ್ದರೆ ನಿಧಾನಕ್ಕೆ ಬಿಳಿಗೆ ಮರಳುತ್ತದೆ. ಕೆನೆಯಾಗಿದ್ದರೆ ಕೆನೆಯಾಗೇ ಉಳಿಯುತ್ತದೆ.

ಇನ್‌ಸ್ಪೆಕ್ಟರಿಗೆ ಅಡ್ಡಗೋಡೆ ಮೇಲೆ ದೀಪವಿಟ್ಟಂತೆ ಏನೋ ಹೇಳಿ, ಅವರ ಒಪ್ಪಿಗೆ ಪಡೆದು ಅಂಗೈಯಗಲದ ತಗಡು ಕತ್ತರಿಸಿಕೊಂಡೆ. ಅತ್ತಿಗೆಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಲೇಬೇಕಾಯಿತು. ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು. ಬಿಸಿಲು ನೋಡಿಕೊಂಡು ಎಂದೆ.

ಹೋಲಿಸಿ ನೋಡಲು ತಗಡಿನ ಅರ್ಧಕ್ಕೆ ಕಪ್ಪು ಟೇಪು ಸುತ್ತಿ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅಂದಿನಿಂದ ಮನೆಯಲ್ಲಿ ನೆಮ್ಮದಿ ಎಂಬುದು ಕಾಲು ಕಿತ್ತಿತು. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ, ನೋಡುತ್ತಿದ್ದೆ, ಅರ್ಧ ಲೋಟ ಚೆಲ್ಲಿ ಬರುತ್ತಿದ್ದೆ. ಒಮ್ಮೆ ಬೆಳ್ಳಗಾದಂತೆ ಕಾಣುತ್ತಿತ್ತು. ಮತ್ತೊಮ್ಮೆ ನೋಡಿದರೆ ಇಲ್ಲ. ಮೂವತ್ತು ಬಗೆಯ ಬಿಳಿಯನ್ನು ಬೇರೆಬೇರೆ ಮಾಡಿ ತೋರಿಸುವ ನನ್ನ ಕಣ್ಣು ಈ ಒಂದು ತುಂಡಿನ ಮುಂದೆ ಕೈಕೊಟ್ಟಿತು. ಮೋಡ ಕವಿದ ದಿನ ಜೀವ ಹಗುರಾಗುತ್ತಿತ್ತು. ಶೆಡ್ಡಿನಲ್ಲಿ ಬಣ್ಣ ಒಣಗುತ್ತಿಲ್ಲ ಎಂದು ಮೋಡವನ್ನು ಬೈಯುವವನು ನಾನು, ಈಗ ಒಳಗೊಳಗೇ ಅದಕ್ಕೆ ಕೈ ಮುಗಿಯುತ್ತಿದ್ದೆ.

ಆಮೇಲೆ ಬಿಸಿಲು ಬಲಿಯಿತು. ನಾನು ತಗಡನ್ನು ಬೆರಳಷ್ಟು ಗೋಡೆಯ ಕಡೆ ಸರಿಸಿದೆ. ಗಾಳಿಗೆ ಬಿದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಇನ್ನಷ್ಟು ಸರಿಸಿದೆ. ಇನ್ನೊಬ್ಬಳ ಹಿಂದೆ ಹೋದ ಎಂದು ಊರು ಅಣ್ಣನನ್ನು ಆಡಿಕೊಂಡಾಗ ನಾನೂ ಅದನ್ನೇ ನಂಬಿದ್ದೆ. ಸಿಗಲಿ, ಚರ್ಮ ಸುಲಿಯುತ್ತೇನೆ ಎಂದು ಕೆಲಸದ ನಡುವೆ ಒಬ್ಬನೇ ಬೈದುಕೊಳ್ಳುತ್ತಿದ್ದೆ. ಬೈಗುಳ ತಿನ್ನುವವನು ಬದುಕಿರುತ್ತಾನಲ್ಲ, ನನಗೆ ಅಷ್ಟು ಸಾಕಾಗಿತ್ತು. ಅತ್ತಿಗೆಯೂ ಹಾಗೆಯೇ ಜೀವ ಹಿಡಿದುಕೊಂಡಿದ್ದಾರೆ, ಈ ತಗಡು ಬೆಳ್ಳಗಾದರೆ ಕುಸಿದುಹೋಗುತ್ತಾರೆ ಎಂದು ಹೆದರಿದ್ದೆ.

ಒಂದು ಮಧ್ಯಾಹ್ನ ಶೆಡ್ಡಿನಿಂದ ಊಟಕ್ಕೆ ಬೇಗನೇ ಬಂದರೆ ಕಟ್ಟೆ ಬರಿದಾಗಿತ್ತು. ಎಸೆದುಬಿಟ್ಟರು ಎಂದುಕೊಂಡೆ. ನಾನು ಮಾಡಲು ಅಂಜಿದ್ದನ್ನು ಅವರು ಮಾಡಿದರಲ್ಲ ಎಂದು ಎಲ್ಲಿಲ್ಲದ ಸಿಟ್ಟು ಬಂತು. ಅತ್ತಿಗೆ, ಅತ್ತಿಗೆ ಎಂದು ಮನೆಯೆಲ್ಲ ಹುಡುಕಿ ಮಹಡಿಯ ಮೆಟ್ಟಿಲು ಹತ್ತಿದೆ.

ತಾರಸಿಯ ಮೇಲೆ, ಉರಿಬಿಸಿಲಿನಲ್ಲಿ, ನೀರಿನ ತೊಟ್ಟಿಯ ಪಕ್ಕ ಅತ್ತಿಗೆ ಕೂತಿದ್ದರು. ತೊಟ್ಟಿಯ ನೆರಳು ಹತ್ತಿರ ಬಂದಾಗ ತಗಡನ್ನು ಮುಂದಕ್ಕೆ ಸರಿಸಿದರು. ಅವರ ಮುಖ ಕೆಂಪಾಗಿತ್ತು. ಇವತ್ತೊಂದೇ ದಿನ ಕೂತವರ ಹಾಗಿರಲಿಲ್ಲ.

"ನೀನು ಗೋಡೆ ಪಕ್ಕ ತಳ್ತಾ ಇದ್ರೆ ಇದು ಯಾವಾಗ ಬೆಳ್ಳಗಾಗ್ಬೇಕೋ?" ಎಂದರು. "ನೀನು ಶೆಡ್ಡಿಗೆ ಹೋದಮೇಲೆ ದಿನಾ ನಾನೇ ಇಲ್ಲಿಗೆ ತರ್ತಿದ್ದೆ."

ನನಗೆ ನಾಚಿಕೆಯಾಯಿತು. ಇದು ಅಣ್ಣನ ಗಾಡಿ ಎಂದಾದರೆ ಏನು ಅರ್ಥ ಗೊತ್ತಲ್ಲವೇ ಎಂದು ತಡವರಿಸುತ್ತ ಕೇಳಿದೆ.

"ಗೊತ್ತು," ಎಂದರು ಅತ್ತಿಗೆ. "ಆ ತಿರುವಲ್ಲಿ ಊರು ಬಿಟ್ಟು ಹೋಗೋರು ಗುಡ್ಡದ ಪಕ್ಕ ಹೋಗ್ತಾರೆ. ಮನೆಗೆ ಬರೋರು ನೀರಿನ ಪಕ್ಕ ಬರ್ತಾರೆ, ಬಿದ್ರೆ ಅವರೇ ನೀರಿಗೆ ಬೀಳೋದು. ನೀನು ಬಣ್ಣ ನೋಡ್ತಿದ್ದೆ, ನಾನು ರಸ್ತೆ ನೋಡ್ತಿದ್ದೆ. ನನ್ನಲ್ಲೇನು ಕಮ್ಮಿಯಾಗಿತ್ತು ಅಂತ ಇಷ್ಟು ವರ್ಷ ಕನ್ನಡಿ ನೋಡ್ಕೊಂಡು ಕೇಳ್ಕೊಂಡಿದ್ದೀನಿ ಕಣೋ. ನೀನು ನಮ್ಮದಲ್ಲ ಅಂದಾಗ ನನಗೆ ಅವರು ಇನ್ನೊಂದ್ಸಲ ಬಿಟ್ಟುಹೋದ ಹಾಗಾಯ್ತು."

ತಗಡನ್ನು ನನ್ನ ಕೈಗೆ ಕೊಟ್ಟರು. ಟೇಪು ಬಿಸಿಲಿಗೆ ಮೆತ್ತಗಾಗಿ ಅಂಟಿಕೊಂಡಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಟೇಪಿನ ಅಡಿಯಲ್ಲಿದ್ದ ಅರ್ಧ ಕೆನೆಯಂತೆಯೇ ಇತ್ತು. ಬಿಸಿಲು ಕಂಡ ಅರ್ಧ, ಅಣ್ಣ ಆ ಜೀಪನ್ನು ಮನೆಗೆ ತಂದ ದಿನ ಇದ್ದಷ್ಟೇ ಬಿಳಿ.

"ಬರ್ತಾ ಇದ್ರು," ಎಂದರು ಅತ್ತಿಗೆ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೆ ಗಂಡ ಸಿಕ್ಕಿದ್ದ. ನನಗೆ ಅಣ್ಣ ಸತ್ತದ್ದು ಆಗ. ಅವನನ್ನು ಬೈದ ಬೈಗುಳಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು, ಬಿಸಿ ನೆಲದ ಮೇಲೆ ಅತ್ತಿಗೆಯ ಪಕ್ಕ ಕುಳಿತು ನಾನೂ ಅತ್ತೆ.