ಎದುರು ಬಂದವಳು

"ನಿಲ್ಸು, ನಿಲ್ಸ್ಲಾ ಕಾರ!" ಎಂದು ದೇವಿರಮ್ಮ ಮಗನಿಗೆ ಕೂಗುವಷ್ಟರಲ್ಲಿ ಕಾರಿನ ಮೂತಿ ಗೇಟು ದಾಟಿ ಬೀದಿಗೆ ಬಂದಾಗಿತ್ತು. ಮನೆಯ ಪಕ್ಕದ ಓಣಿಯಿಂದ ಬೀರಮ್ಮ ಒಂದು ಕೈಯಲ್ಲಿ ಗೋಡೆ ಸವರಿಕೊಂಡು, ಇನ್ನೊಂದು ಕೈಯಲ್ಲಿ ಹಸಿರು ಬಕೆಟ್ಟು ತೂಗಾಡಿಸಿಕೊಂಡು, ಕಣ್ಣಿಗೆ ಆಪರೇಷನ್ನಿನ ಕರಿ ಕನ್ನಡಕ ಹಾಕಿಕೊಂಡು ನೇರವಾಗಿ ಕಾರಿನ ಮುಂದೆಯೇ ಬಂದು ನಿಂತಳು. ಬಕೆಟ್ಟು ಖಾಲಿ.

ಲಿಂಗರಾಜು ಸ್ಟೀರಿಂಗಿಗೆ ಹಣೆ ಒತ್ತಿ ಕುಳಿತುಬಿಟ್ಟ. ನಿಜವಾಗಿ ಎದುರು ಬರಬೇಕಾಗಿದ್ದವಳು ಅವನ ಹೆಂಡತಿ ಭಾಗ್ಯಲಕ್ಷ್ಮಿ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಅವಳು ಬೀದಿಯ ತಿರುವಿನಲ್ಲಿ ಕಾಯುತ್ತಿದ್ದಳು. ಕಾರು ಹೊರಟ ಸದ್ದಿಗೆ ನಡೆಯಲು ಶುರುಮಾಡಿದ್ದಳು ಅಷ್ಟೇ; ಅಷ್ಟರಲ್ಲಿ ಕಣ್ಣಿನ ಆಪರೇಷನ್ನಿಗೆಂದು ಬಂದಿದ್ದ ಅವಳ ಹೆತ್ತವ್ವನೇ ಮುಂದಾಗಿಬಿಟ್ಟಿದ್ದಳು.

"ರೂಮಿಂದ ಈಚೆಗೆ ಬರ್ಬ್ಯಾಡ ಅಂತ ಬಾಯ್ ಬಡ್ಕಂಡೆ," ದೇವಿರಮ್ಮ ಮೆಟ್ಟಿಲಿಳಿದು ಬಂದಳು. "ಗಂಡ ಇಲ್ದೋಳು, ಕಣ್ಣು ಕಾಣ್ದೋಳು, ಕೈಯಲ್ಲಿ ಬರೀ ಬಕೀಟು. ಇನ್ನೇನ್ ಬಾಕಿ ಇತ್ತು ಬೀಗಿತ್ತಿ? ಕಂಕ್ಳಲ್ಲಿ ಒಂದು ಕರೀ ಬೆಕ್ಕು ಇಟ್ಕಂಡು ಬಂದಿದ್ರೆ ಸರ್ಯಾಗಿರೋದು!"

"ಬಚ್ಚಲು ಈ ಕಡೀಕೈತೆ ಅನ್ಕಂಡೆ ಕಣವ್ವ. ಎಲ್ಲಾ ಮಂಜು ಮಂಜು," ಎಂದು ಬೀರಮ್ಮ ಬಕೆಟ್ಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು.

ಲಿಂಗರಾಜು ಇಳಿದು ಒಳಗೆ ಬಂದ. ಶಕುನ ಕೆಟ್ಟರೆ ಮಾಡುವಂತೆ ಕುಳಿತು ನೀರು ಕುಡಿದು, ಚಪ್ಪಲಿ ಬಿಚ್ಚಿ ಮತ್ತೆ ಮೆಟ್ಟಿಕೊಂಡು ಹೊರಟ. ಅತ್ತೆಯ ಕಡೆ ನೋಡಲಿಲ್ಲ. ಹೆಂಡತಿಗೆ ಹೇಳಿದ: "ನಾನು ಗೋವಾದಿಂದ ಬರೋ ವೊತ್ಗೆ ನಿಮ್ಮವ್ವ ಯಲಿಯೂರಲ್ಲಿರ್ಬೇಕು."

ಅವನು ಬರುವ ತನಕ ಬೀರಮ್ಮ ಕಾಯಲಿಲ್ಲ. ಆ ಹೊತ್ತೇ ಬ್ಯಾಗು ತುಂಬಿಕೊಂಡಳು. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸು ಹತ್ತುವ ಮುಂಚೆ ಮಗಳ ಕೈ ಹಿಡಿದು, "ಅವ್ರಂದಿದ್ರಲ್ಲಿ ತಪ್ಪೇನೈತೆ? ನನ್ ಬುದ್ದಿಗೇ ಮಂಕು ಕವಿದಿತ್ತು," ಎಂದಳು. ದೇವಿರಮ್ಮನ ಬಾಯಿಗಿಂತ ಈ ಮಾತು ಭಾಗ್ಯಲಕ್ಷ್ಮಿಗೆ ಹೆಚ್ಚು ಉರಿಯಿತು. ಅವ್ವ ಹೀಗೇ. ಭಾಗ್ಯಳ ಮದುವೆಯಲ್ಲಿ ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ಅವ್ವ ಛತ್ರದ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಕುಳಿತು ಗಟ್ಟಿಮೇಳದ ಸದ್ದು ಕೇಳಿಸಿಕೊಂಡಿದ್ದಳು. ಯಾರೂ ಅವಳನ್ನು ಅಲ್ಲಿ ಕೂರಿಸಿರಲಿಲ್ಲ, ತಾನೇ ಹೋಗಿ ಕುಳಿತಿದ್ದಳು.

ಮದ್ದೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದ ಲಿಂಗರಾಜುವಿಗೆ ಪೋಕರ್ ಎಂಬ ಇಸ್ಪೀಟಾಟದ ಹುಚ್ಚು ಹಿಡಿದದ್ದು ಮದುವೆಗೆ ಮುಂಚೆಯೇ. ಮೊದಲು ಗೆಳೆಯರ ತೋಟದ ಮನೆಯಲ್ಲಿ, ಆಮೇಲೆ ಬೆಂಗಳೂರಿನ ಕ್ಲಬ್ಬುಗಳಲ್ಲಿ, ಈಗ ಗೋವಾದ ಟೂರ್ನಮೆಂಟುಗಳಲ್ಲಿ. ಭಾಗ್ಯ ಆ ಮನೆಯ ಹೊಸಿಲು ತುಳಿದ ತಿಂಗಳೇ ಅವನು ದೊಡ್ಡದೊಂದನ್ನು ಗೆದ್ದಿದ್ದ. "ಎಸ್ರಲ್ಲೇ ಭಾಗ್ಯ ಐತೆ, ಕಾಲ್ಗುಣ ಅಂದ್ರೆ ಇದು," ಎಂದು ದೇವಿರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಅಂದಿನಿಂದ ಅವನು ಆಟಕ್ಕೆ ಹೊರಟಾಗಲೆಲ್ಲ ಭಾಗ್ಯ ಹಿತ್ತಿಲಿಂದ ಸುತ್ತಿ ಹೋಗಿ, ತುಂಬಿದ ಕೊಡ ಹೊತ್ತು ಎದುರು ಬರಬೇಕು.

ಆಮೇಲೆ ಸೋಲು ಹತ್ತಿತು. ಹತ್ತಿದ್ದು ಬಿಡಲೇ ಇಲ್ಲ. ಜೋಡಿ ಎಕ್ಕ ಹಿಡಿದು ಕೂತರೂ ಕೊನೆಯ ಎಲೆಯಲ್ಲಿ ಎದುರಾಳಿಗೆ ಬೇಕಾದ ರಾಣಿಯೇ ಬೀಳುತ್ತಿತ್ತು. ಸೋತು ಬಂದ ದಿನ ಅವನು ಊಟದ ತಟ್ಟೆಯ ಮುಂದೆ ಕುಳಿತು ಕೇಳುತ್ತಿದ್ದ: ಕೊಡ ಕಂಠದವರೆಗೆ ತುಂಬಿತ್ತಾ? ದಾರಿಯಲ್ಲಿ ತುಳುಕಿತಾ? ಮುಖ ಯಾಕೆ ಹಾಗಿಟ್ಟುಕೊಂಡಿದ್ದೆ? ಅವಳು ನಗುತ್ತಾ ಬಂದು ನೋಡಿದಳು. "ಅಲ್ಲು ಕಿರೀತಾ ಬಂದ್ರೆ ಇನ್ನೇನಾದದು," ಎಂದಳು ದೇವಿರಮ್ಮ. ಹೊಗಳಿಕೆಗೆ ಬಂದಿದ್ದ ಹೆಸರು ಬೈಗುಳವಾಯಿತು: "ಭಾಗ್ಯವಂತೆ ಭಾಗ್ಯ!" ಗೆದ್ದರೆ ಅವನ ಸ್ಕಿಲ್ಲು, ಸೋತರೆ ಹೆಂಡತಿ. ಆ ಮನೆಯ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಕೊಡ ಹೊತ್ತು ನಡೆಯುವಾಗ ಎಷ್ಟೋ ಸಲ, ಇದನ್ನು ಕಾರಿನ ಗಾಜಿನ ಮೇಲೆ ಕುಕ್ಕಿಬಿಡಲೇ ಎನಿಸುತ್ತಿತ್ತು.

ಆದರೆ ಅವನೇ ಒಮ್ಮೆ, ಮನಸ್ಸು ತಿಳಿಯಾಗಿದ್ದ ಒಂದು ಸಂಜೆ, ಅವಳಿಗೆ ಹೇಳಿದ್ದ: "ಟೂರ್ನಮೆಂಟು ಅಂದ್ರೇ ಸೋಲೋದು ಕಣೇ. ನೂರು ಜನ ಕೂತ್ರೆ ಹದಿನೈದು ಜನಕ್ಕೆ ಏನಾದ್ರೂ ಸಿಕ್ಕದು. ಮಿಕ್ಕೋರು ಎಂಥಾ ಆಟಗಾರರಾದ್ರೂ ಬರಿಗೈಲಿ ಏಳ್ಲೇಬೇಕು. ವರ್ಷಾನುಗಟ್ಲೆ ಇಂಗೇ ಆಯ್ತದೆ. ತಡ್ಕಳೋನೇ ಆಟಗಾರ." ಹೇಳಿದವನು ಮರೆತ. ಅವಳು ಮರೆಯಲಿಲ್ಲ.

ಬೀರಮ್ಮ ಖಾಲಿ ಬಕೆಟ್ಟು ಹಿಡಿದು ಎದುರಾದ ಆ ಸಲ ಲಿಂಗರಾಜು ಗೆದ್ದ. ಮೊದಲನೇ ಸ್ಥಾನ. ಗಾಜಿನ ಕಪ್ಪು ಹಿಡಿದುಕೊಂಡೇ ಮನೆಗೆ ಬಂದವನು ಅರ್ಧ ಗಂಟೆಯೂ ಕೂರಲಿಲ್ಲ, ಕಾರು ತಿರುಗಿಸಿಕೊಂಡು ಯಲಿಯೂರಿಗೆ ಹೋದ. ಸಂಜೆಗೆ ಬೀರಮ್ಮ ಕಾರಿನ ಮುಂದಿನ ಸೀಟಿನಿಂದ ಇಳಿದಳು. ಮೈಮೇಲೆ ಜರಿ ಅಂಚಿನ ಹೊಸ ಸೀರೆ. ದೇವಿರಮ್ಮ ಬಾಗಿಲಿಗೇ ಬಂದು, "ಬನ್ನಿ ಬೀಗಿತ್ತಿ, ನಿಮ್ ಮನೆ ಅಲ್ವಾ ಇದು," ಎಂದು ಕೈಹಿಡಿದು ಕರೆತಂದು ಹಾಲಿನ ಸೋಫಾದ ಮೇಲೆ ಕೂರಿಸಿದಳು. ತಟ್ಟೆ ತುಂಬ ವಡೆ ಬಂತು.

"ನೋಡವ್ವ, ಬರ್ಬ್ಯಾಡ ಅಂದ್ರೂ ಬುಡ್ನಿಲ್ಲ ಅಳಿಯಂದ್ರು," ಎಂದು ಬೀರಮ್ಮ ಮಗಳಿಗೆ ಹೇಳಿದಳು. ಅವಳ ದನಿಯಲ್ಲಿ ಇಷ್ಟು ಸೊಕ್ಕನ್ನು ಭಾಗ್ಯ ಯಾವತ್ತೂ ಕೇಳಿರಲಿಲ್ಲ.

ಮುಂದಿನ ಆಟದ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ತಾಲೀಮು ನಡೆಯಿತು. ಲಿಂಗರಾಜುವಿಗೆ ಎಲ್ಲವೂ ಆವತ್ತಿನಂತೆಯೇ ಆಗಬೇಕು. ಅದೇ ಹಸಿರು ಬಕೆಟ್ಟು, ಅದೂ ಖಾಲಿ. ಬೀರಮ್ಮನ ಕಣ್ಣು ಈಗ ಚೆನ್ನಾಗಿ ಕಾಣುತ್ತಿದ್ದರೂ ಅದೇ ಕರಿ ಕನ್ನಡಕ. ಅದೇ ಓಣಿ.

"ಗ್ವಾಡೆ ಸವರ್ಕಂಡು ಬನ್ನಿ ಅತ್ತೆ. ಆವತ್ತು ಸವರ್ಕಂಡು ಬಂದ್ರಿ."

"ಎಡಗೈಲೋ ಬಲಗೈಲೋ ಅಳಿಯಂದ್ರೇ?"

"ಎಡಗೈಲಿ. ಆ, ಅಂಗೇ!"

ತುಂಬಿದ ಕೊಡಕ್ಕೆ ಈಗ ಕೆಲಸವಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಭಾಗ್ಯ ನೋಡುತ್ತಿದ್ದಳು. ಅವ್ವ ಕುರುಡಿಯಂತೆ ನಟಿಸುತ್ತಾ, ನಗು ತಡೆಯಲಾಗದೆ, ಮತ್ತೆ ಮತ್ತೆ ಓಣಿಯಿಂದ ಹೊರಬರುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಹೀಗೆ ಮುಂದೆ ನಡೆದು ಬಂದದ್ದನ್ನು ಮಗಳು ಕಂಡಿದ್ದೇ ಇಲ್ಲ. ಎಂಟೆದೆಯವಳ ಹಾಗೆ ಬರುತ್ತಿದ್ದಳು. ಆದರೆ ನಾಳೆ ಅಲ್ಲದಿದ್ದರೆ ನಾಡಿದ್ದು, ಅವನು ಸೋತೇ ಸೋಲುತ್ತಾನೆ. ಆಗ ಈ ಅಂಗಳದಲ್ಲಿ ಅವ್ವನಿಗೆ ಏನೇನು ಕಾದಿದೆ ಎಂಬುದು ಭಾಗ್ಯಳಿಗೆ ಅಕ್ಷರ ಅಕ್ಷರ ಗೊತ್ತಿತ್ತು. ತನಗಾದರೆ ಮೈ ದಡ್ಡುಗಟ್ಟಿದೆ. ಅವ್ವ ಮಾತ್ರ ಆ ಮಾತುಗಳನ್ನು ನಂಬುತ್ತಾಳೆ, ನಂಬಿ ಉಗ್ರಾಣದೊಳಗೆ ಸೇರಿಕೊಂಡರೆ ಮತ್ತೆ ಈಚೆಗೆ ಬರುವುದಿಲ್ಲ.

ಕೈಕಾಲು ತೊಳೆಯಲು ಹಿತ್ತಿಲಿಗೆ ಬಂದ ಅವ್ವನನ್ನು ಅವಳು ಹಿಡಿದು ನಿಲ್ಲಿಸಿದಳು.

"ನಡಿಯವ್ವ, ಊರ್ಗೆ ಓಗುವ. ನಾನೂ ಬತ್ತೀನಿ. ಈಗ್ಲೇ."

"ಯಾಕೆ? ನಾಳೀಕೆ ಅಳಿಯಂದ್ರು ಒಂಟವ್ರೆ. ನಾನಿಲ್ದಿದ್ರೆ ಎಂಗೆ?"

"ಸೋತ್ರೆ ಏನ್ಮಾಡೀಯೆ?"

"ಬುಡ್ತು ಅನ್ನು!" ಬೀರಮ್ಮ ಕನ್ನಡಕ ತೆಗೆದು ಮಗಳನ್ನು ದಿಟ್ಟಿಸಿದಳು. "ಒಸಿ ದಿನದಿಂದ ನೋಡ್ತಾನೇ ಇವ್ನಿ. ನಾನು ಸೋಪಾ ಮ್ಯಾಲೆ ಕೂತ್ರೆ ನಿನ್ ಮೊಕ ಕಪ್ಪಾಯ್ತದೆ. ಹೊಟ್ಟೆಕಿಚ್ಚು ಕಣೇ ನಿನ್ಗೆ. ಎತ್ತವ್ವನ ಮ್ಯಾಲೇ ಹೊಟ್ಟೆಕಿಚ್ಚು!"

"ಅವ್ವ, ಈ ಆಟದಲ್ಲಿ ಯಾರೂ..."

"ನಿನ್ ತುಂಬಿದ್ ಕೊಡ ಮಾಡ್ದೆ ಇದ್ದಿದ್ನ ನನ್ ಬರೀ ಬಕೀಟು ಮಾಡ್ತು. ಅದ್ಕೆ ಉರೀತೈತೆ ನಿನ್ಗೆ."

ಭಾಗ್ಯ ಕೈ ಬಿಟ್ಟಳು. ಒಳಗೆ ಬಂದು ಸೊಪ್ಪು ಸೋಸುತ್ತಾ ಕುಳಿತಳು. ಬೆರಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು, ಅವಳು ಯೋಚಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಎಲ್ಲವೂ ಹೇಳಿ ಮಾಡಿಸಿದಂತೆ ನಡೆಯಿತು. ಕಾರು ಗೇಟು ದಾಟಿತು. ಬೀರಮ್ಮ ಎಡಗೈಯಲ್ಲಿ ಗೋಡೆ ಸವರಿಕೊಂಡು ಬಂದಳು, ಬಕೆಟ್ಟು ತೂಗಾಡಿತು. ಲಿಂಗರಾಜು ಗಾಜು ಇಳಿಸಿ ಅತ್ತೆಗೆ ಕೈಮುಗಿದ. ದೇವಿರಮ್ಮ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದಳು. ಇನ್ನೇನು ಕಾರು ಹೊರಡಬೇಕು, ಭಾಗ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನಿಂದ ಈಚೆಗೆ ಬಂದಳು. ಬೀದಿಗೆಲ್ಲ ಕೇಳುವಂತೆ ಕೇಳಿದಳು:

"ರೀ, ಎಲ್ಗೆ ಒಂಟ್ರಿ?"

ಹೊರಟ ಗಂಡಸನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ಆ ಬೀದಿಯಲ್ಲಿ ಆಡುವ ಕೂಸಿಗೂ ಗೊತ್ತು. ಎದುರು ಮನೆಯ ಹೆಂಗಸು ರಂಗೋಲಿ ಹಾಕುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಲಿಂಗರಾಜುವಿನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಏನಂದೆ?"

"ಎಲ್ಗೆ ಅಂದೆ."

ಅವನು ಕೆಳಗಿಳಿಯಲು ಬಾಗಿಲಿಗೆ ಕೈ ಹಾಕಿದ. ಅದಕ್ಕಿಂತ ಮುಂಚೆ ಬೀರಮ್ಮನ ಏಟು ಬಿತ್ತು. ಬಕೆಟ್ಟು ಬಿಸಾಡಿ ಬಂದು ಮಗಳ ಕೆನ್ನೆಗೆ ಬೀಸಿದ್ದಳು. ಬೆಳೆದ ಮೇಲೆ ಅವ್ವ ಅವಳ ಮೇಲೆ ಕೈಮಾಡಿದ್ದು ಅದೇ ಮೊದಲು. "ನಾಲ್ಗೆ ಸೇದೋಗ! ಬೇಕ್ಬೇಕಂತ ಕೇಳುದ್ಲು. ನಾನು ಸರ್ಯಾಗೇ ಬಂದೆ ಅಳಿಯಂದ್ರೇ, ನೀವೇ ಕಂಡ್ರಿ, ನಾನು ಸರ್ಯಾಗೇ ಬಂದೆ!"

"ನಿಮ್ದೇನೂ ತಪ್ಪಿಲ್ಲ ಅತ್ತೆ," ಎಂದ ಲಿಂಗರಾಜು, ಹೆಂಡತಿಯನ್ನು ನುಂಗುವಂತೆ ನೋಡುತ್ತಾ. "ಈ ಮುಂಡೇದ್ನ ಬಂದ್ಮೇಲೆ ನೋಡ್ಕತೀನಿ."

ಮತ್ತೆ ಒಳಗೆ ಬಂದ, ನೀರು ಕುಡಿದ, ಹೊರಟ.

ಮರುದಿನ ಸಂಜೆಗೆ ಫೋನು ಬಂತು. ಹಾಲಿನಲ್ಲಿ ಸ್ಪೀಕರ್ ಹಾಕಿಕೊಂಡು ದೇವಿರಮ್ಮ ಕೇಳಿಸಿಕೊಂಡಳು. ಚೆನ್ನಾಗಿಯೇ ಆಡಿದ್ದನಂತೆ. ಜೋಡಿ ರಾಜ ಹಿಡಿದು ಇದ್ದದ್ದನ್ನೆಲ್ಲ ಒಡ್ಡಿದನಂತೆ. ಕೊನೆಯ ಎಲೆಯಲ್ಲಿ ಹೋಯಿತಂತೆ. "ಅತ್ತೇಗೆ ಬೇಜಾರ್ ಮಾಡ್ಕಬ್ಯಾಡಿ ಅನ್ನವ್ವ. ಮುಂದಿನ್ ಸಲ ನಾನು ಒಂಡೋವಾಗ ಅವ್ಳ ಬಾಯ್ಗೆ ಬಟ್ಟೆ ತುರ್ಕಿ ರೂಮಲ್ಲಿ ಕೂಡಾಕು." ಅಡುಗೆಮನೆಯಲ್ಲಿದ್ದ ಭಾಗ್ಯಳಿಗೆ ಎಲ್ಲವೂ ಕೇಳಿಸಿತು. ಅವಳು ಒಲೆಯ ಉರಿ ಸಣ್ಣ ಮಾಡಿದಳು. ಅವ್ವನ ಮೇಲೆ ಒಂದು ಮಾತೂ ಬಿದ್ದಿರಲಿಲ್ಲ.

"ನಿಮ್ಮಂತ ತಾಯ್ಗೆ ಎಂಥಾ ಮಗ್ಳು ಉಟ್ಟುದ್ಲು ಬೀಗಿತ್ತಿ," ಎನ್ನುತ್ತಿದ್ದಳು ದೇವಿರಮ್ಮ.

"ಅವರಪ್ಪನ ಕಡೀದು ಕಣವ್ವ ಆ ನಾಲ್ಗೆ. ನಮ್ ಕಡೆ ಯಾರೂ ಇಂಗಿಲ್ಲ."

ಅಷ್ಟರಲ್ಲಿ ಗೇಟು ಸದ್ದಾಯಿತು. ಕೊತ್ತತ್ತಿಯ ನೆಂಟ ಕೆಂಪಸಿದ್ದಯ್ಯನೂ ಅವನ ಹೆಂಡತಿಯೂ ಮಗಳ ಮದುವೆಗೆ ಕರೆಯಲು ಬಂದಿದ್ದರು. ಹೆಂಗಸಿನ ಕೈಯ ತಟ್ಟೆಯಲ್ಲಿ ಲಗ್ನಪತ್ರಿಕೆ, ಅರಿಶಿನ ಕುಂಕುಮದ ಭರಣಿ. ಭಾಗ್ಯ ಲೋಟಗಳಿಗೆ ನೀರು ತುಂಬಿಕೊಂಡು ಹಾಲಿನ ಬಾಗಿಲಿಗೆ ಬಂದು ನಿಂತಳು. ಅವ್ವ ಏಳುತ್ತಾಳೆ, ಸೆರಗು ಹೊದ್ದು ಗೋಡೆಯ ಪಕ್ಕದಿಂದ ಒಳಕ್ಕೆ ಸರಿದುಬಿಡುತ್ತಾಳೆ ಎಂದು ಅವಳ ಕಣ್ಣು ತಾನಾಗಿ ಕಾಯಿತು.

ಬೀರಮ್ಮ ಏಳಲಿಲ್ಲ. ಸೋಫಾದ ಮೇಲೆ ಚಾಚಿದ್ದ ಕಾಲು ಮಡಿಸಿಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ, "ಬಾ ತಾಯಿ, ಇಲ್ಲಿ ಕೂತ್ಕ. ಯಾವೂರ ಗಂಡು?" ಎಂದಳು. ಕುಂಕುಮದ ತಟ್ಟೆ ಹಿಡಿದ ಹೆಂಗಸು ಅವಳ ಪಕ್ಕದಲ್ಲೇ ಕುಳಿತಳು.

ಭಾಗ್ಯ ಎಲ್ಲರಿಗೂ ನೀರು ಕೊಡುತ್ತಾ ಬಂದಳು. ಬೀರಮ್ಮ ಅವಳ ಮುಖ ನೋಡದೆ ಲೋಟ ತೆಗೆದುಕೊಂಡು, ಗಂಡಿನ ಊರಿನ ಮಾತು ಕೇಳುತ್ತಾ, ನಿಧಾನವಾಗಿ ಕುಡಿಯತೊಡಗಿದಳು.