ಬರಿಗೈ ಸಾಲು

“ಕೈ ಮುಂದಕ್ಕೆ ಚಾಚೇ, ಬೇವಾರ್ಸಿ! ಮುತ್ತಿಡೋಕೆ ಕರೀತಿದೀನಾ?”

ಮೇಸ್ತ್ರಿ ಕಿರುಚಿದ್ದಕ್ಕೆ ಸೊಸೆ ಕೈ ಚಾಚಿದಳು. ಹಿಂದೆ ನಿಂತಿದ್ದ ಅವಳ ಅತ್ತೆ, ಶೆಡ್ಡಿನವರೆಲ್ಲ ದೊಡ್ಡಕ್ಕ ಅನ್ನುವವಳು, ಆ ಕೈಯನ್ನೇ ನೋಡುತ್ತಿದ್ದಳು. ಸೊಸೆಯ ಕೈಗೆ ಮೊಣಕೈವರೆಗೂ ಕಪ್ಪು ಗ್ರೀಸು. ಅದರಡಿ ಏನಿದೆಯೆಂದು ಇಬ್ಬರಿಗೇ ಗೊತ್ತು.

“ಥೂ, ಹಂದಿಗಳು! ತೊಳ್ಕೊಂಡಾದ್ರೂ ಬರಬಾರ್ದಾ? ಇವಳಿಗೆ ಗಾಯ ಇಲ್ಲ ಸಾರ್, ಬರ್ಕೊಳ್ಳಿ.”

ದೊಡ್ಡಕ್ಕನ ಸರದಿಯೂ ಹಾಗೇ ಮುಗಿಯಿತು.

ತುಕ್ಕು ಹಿಡಿದ ಬೋಲ್ಟುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ಉಜ್ಜುವ ಶೆಡ್ಡು ಅದು. ನೂರು ಹೆಂಗಸರು. ಗ್ಲೌಸು ಕೊಡಿ ಎಂದು ವರ್ಷಗಟ್ಟಲೆ ಗೋಗರೆದ ಮೇಲೆ ಧಣಿ ಒಬ್ಬ ಲೆಕ್ಕದ ಸಾಹೇಬನನ್ನು ಕಳಿಸಿದ್ದ. ಅವನು ಚೀಟಿ ಎತ್ತಿಸಿ ಐವತ್ತು ಜನಕ್ಕೆ ಗ್ಲೌಸು ಕೊಟ್ಟ, ಐವತ್ತು ಜನಕ್ಕೆ ಕೊಡಲಿಲ್ಲ. ಮೂರು ತಿಂಗಳು ಯಾವ ಸಾಲಿನಲ್ಲಿ ಎಷ್ಟು ಕೈ ಸುಡುತ್ತದೆಂದು ನೋಡುವುದು, ಗ್ಲೌಸಿನಿಂದ ಉಪಯೋಗ ಉಂಟೆಂದು ಸಾಬೀತಾದರೆ ಎಲ್ಲರಿಗೂ ಕೊಡುವುದು. ಎಂಥ ಕರುಣೆ ನೋಡಿ! ಅತ್ತೆ ಸೊಸೆ ಇಬ್ಬರ ಹಣೆಯಲ್ಲೂ ಬರಿಗೈ ಸಾಲೇ ಬರೆದಿತ್ತು.

ಆದರೆ ಸುಟ್ಟ ಕೈ ತೋರಿಸಿದವಳಿಗೆ ಮೇಸ್ತ್ರಿ ಗೇಟು ತೋರಿಸುತ್ತಿದ್ದ. ವಾಸಿಯಾದ ಮೇಲೆ ಬಾ ಅನ್ನುತ್ತಿದ್ದ. ಬಂದರೆ ಜಾಗ ತುಂಬಿತು ಅನ್ನುತ್ತಿದ್ದ. ಮಗ ಸತ್ತು ವರ್ಷವಾಗಿರಲಿಲ್ಲ, ಸೊಸೆಯ ಮಡಿಲಲ್ಲಿ ಆರು ತಿಂಗಳ ಕೂಸು. ಅವಳ ಅಂಗೈ ಸುಲಿದು ಬಂದ ದಿನ ದೊಡ್ಡಕ್ಕನೇ ಗ್ರೀಸು ಮೆತ್ತಿದ್ದಳು.

“ಬಾಯ್ ಮುಚ್ಕೊಂಡಿರು ಮಗಳೇ. ಚರ್ಮ ಹೋದ್ರೂ ಕೆಲ್ಸ ಹೋಗ್ಬಾರ್ದು.”

ಮಾರನೇ ವಾರ ತನ್ನ ಸುಟ್ಟ ಮುಂಗೈಗೂ ಮೆತ್ತಿಕೊಂಡಳು.

ಮೂರು ತಿಂಗಳ ಕೊನೆಯ ಎಣಿಕೆ ಮುಗಿಸಿ ಸಾಹೇಬ ಕುರ್ಚಿಗೆ ಒರಗಿದ. ಅವನ ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

“ನೋಡಿಯಮ್ಮ, ಗ್ಲೌಸಿನವರಲ್ಲಿ ಐವತ್ತಕ್ಕೆ ಮೂರು ಕೈ ಸುಟ್ಟಿದೆ. ಬರಿಗೈಯವರಲ್ಲಿ ಐವತ್ತಕ್ಕೆ ಎಂಟು.”

“ಮತ್ತಿನ್ನೇನ್ ಸ್ವಾಮಿ, ಕಣ್ಣಿಗೆ ಹೊಡ್ದಂಗೆ ಕಾಣ್ತಿದ್ಯಲ್ಲ!” ಎಂದಳು ದೊಡ್ಡಕ್ಕ.

“ಕಂಡ್ರೆ ಸಾಲದು. ಗ್ಲೌಸಿಂದ ಏನೂ ಉಪಯೋಗ ಇಲ್ಲ ಅಂತಲೇ ಇಟ್ಕೊಳ್ಳಿ. ಆಗ್ಲೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ನೂರಕ್ಕೆ ಹನ್ನೊಂದು ಸಲ ಬರಬಹುದು. ಐದಕ್ಕಿಂತ ಕಡಿಮೆ ಇದ್ರೆ ಮಾತ್ರ ನಾವು ನಂಬೋದು. ಬರಿಗೈ ಸಾಲಲ್ಲಿ ಎಂಟರ ಬದಲು ಹತ್ತು ಸುಟ್ಟಿದ್ರೆ ಸಾಬೀತಾಗ್ತಿತ್ತು.”

ಮೇಸ್ತ್ರಿ ಹಲ್ಲು ಕಿರಿದ. “ಮೊದ್ಲೇ ಹೇಳಿದ್ರೆ ಇನ್ನೆರಡು ಅದ್ದಿಸ್ತಿದ್ದೆ ಸಾರ್! ಏಯ್, ಗ್ಲೌಸು ಬಿಚ್ರೇ ಎಲ್ರೂ, ಇಲ್ಲಿ ಗುಡ್ಡೆ ಹಾಕಿ!”

ದೊಡ್ಡಕ್ಕ ಮನಸ್ಸಿನಲ್ಲೇ ಎಣಿಸಿದಳು. ಇನ್ನೆರಡು. ತಾನೇ ಕೈಯಾರೆ ಮುಚ್ಚಿಟ್ಟ ಎರಡು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಸೀಮೆಎಣ್ಣೆ ಬಟ್ಟೆ ಎಳೆದುಕೊಂಡು ತನ್ನ ಮುಂಗೈ ಉಜ್ಜಿದಳು, ಸೊಸೆಯ ಅಂಗೈ ಉಜ್ಜಿದಳು. “ಅತ್ತೇ, ಬೇಡತ್ತೇ!” ಎಂದು ಸೊಸೆ ಚೀರಿದಳು. ಗ್ರೀಸಿನ ಜೊತೆ ಚರ್ಮವೂ ಬಂತು.

“ಬರ್ಕೊಳ್ಳಿ ಸ್ವಾಮಿ. ಇದೊಂಬತ್ತು, ಇದು ಹತ್ತು.”

ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದ. “ಛೆ ಛೆ, ಎಣಿಕೆ ಮುಗೀತಲ್ಲಮ್ಮ. ಫಲಿತಾಂಶ ಕೇಳಿದ್ಮೇಲೆ ಸೇರಿಸಿದ್ರೆ ಅದು ಮೋಸ ಆಗುತ್ತೆ.”

ಬರಿಗೈ ಸಾಲಿನಲ್ಲಿ ಇನ್ನೊಬ್ಬಳು ತನ್ನ ಗ್ರೀಸು ಒರೆಸಲು ಬಟ್ಟೆಗೆ ಕೈ ಚಾಚಿದಳು. ಅವಳ ಹಿಂದೆ ಮತ್ತೊಬ್ಬಳು. ಗ್ಲೌಸು ಬಿಚ್ಚುತ್ತಿದ್ದವರು ತಿರುಗಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಮೇಸ್ತ್ರಿ ಬೈಯಲು ಬಾಯಿ ತೆರೆದ; ನಾಲ್ವರು ಹೆಂಗಸರು ಅವನ ತೋಳು ಹಿಡಿದರು.

ದೊಡ್ಡಕ್ಕ ಸಾಹೇಬನ ಬಲಗೈ ಹಿಡಿದು ತೊಟ್ಟಿಯ ಕಡೆ ಎಳೆದಳು. ಪೆನ್ನು ಕೆಳಗೆ ಬಿತ್ತು.

“ಏನ್ ಮಾಡ್ತಿದೀಯಮ್ಮ? ಬಿಡು! ಬಿಡೇ!”

“ಹೆದರ್ಬೇಡಿ ಸ್ವಾಮಿ, ಒಂದೇ ಕೈ ಅಲ್ವಾ,” ಎಂದಳು ಅವಳು, ಅವನ ಅಂಗಿಯ ತೋಳನ್ನು ಮಡಚುತ್ತ. “ಆಕಸ್ಮಿಕ ಅಂತ ಬರ್ಕೊಳ್ಳಿ.”